ಕೃಷಿ ಹೊಂಡದ ಅಂಚು ಏಕೆ ಜಾರುತ್ತದೆ?

ಮಕ್ಕಳೇ, ಹೊಲಗಳಲ್ಲಿ ಕೃಷಿ ಹೊಂಡ ನೋಡಿದ್ದೀರಲ್ಲವೇ? 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಊರುಗಳಲ್ಲಿ ಇವು ಹೆಚ್ಚಿದವು. ನೀರು ಇಂಗದಂತೆ ಹಲವು ಹೊಂಡಗಳ ಒಳಗೆ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಬೆಳೆ ಉಳಿಸುವ ಈ ಹಾಳೆಯೇ ಜೀವಕ್ಕೆ ಅಪಾಯ ತರಬಲ್ಲದು. ಹೇಗೆ?

ಒಂದು ಪ್ರಯೋಗ ಮಾಡಿ. ಹಲಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ರಬ್ಬರ್ ಇಟ್ಟು, ಅದು ಜಾರದಷ್ಟು ಓರೆ ಮಾಡಿ. ಈಗ ಸೋಪಿನ ನೀರು ಸುರಿಯಿರಿ. ರಬ್ಬರ್ ಸರ್ರನೆ ಜಾರುತ್ತದೆ! ನಾವು ನಡೆಯುವುದು, ಹತ್ತುವುದು ಎಲ್ಲ ಘರ್ಷಣೆಯ ಬಲದಿಂದ. ಒದ್ದೆ ಹಾಳೆಯ ಮೇಲೆ ಪಾಚಿಯೂ ಬೆಳೆದರೆ ಘರ್ಷಣೆ ತೀರಾ ಕಡಿಮೆ. ಹಿಡಿಯಲು ಬೇರಿಲ್ಲ, ಕಲ್ಲಿಲ್ಲ. ಈಜು ಬಲ್ಲವರಿಗೂ ದಡ ಹತ್ತುವುದು ಕಷ್ಟ. ಬೇಸಿಗೆಯಲ್ಲಿ ಖಾಲಿ ಹೊಂಡಕ್ಕೆ ಇಳಿದಿದ್ದ ನಾನೇ ಹಗ್ಗ ಹಿಡಿದು ಮೇಲೆ ಬಂದೆ! ಕುರಿಗೆ ನೀರು ತರಲು, ಬಿದ್ದ ಚೆಂಡು ತೆಗೆಯಲು ಕೂಡ ಅಂಚಿಗೆ ಹೋಗಬೇಡಿ.

ಯಾರಾದರೂ ಬಿದ್ದರೆ? ನೀವು ಧುಮುಕಬೇಡಿ. ಮುಳುಗುವವರು ಹತ್ತಿರ ಬಂದವರನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತಾರೆ, ಇಬ್ಬರೂ ಮುಳುಗಬಹುದು. ಜೋರಾಗಿ ಕೂಗಿ ದೊಡ್ಡವರನ್ನು ಕರೆಯಿರಿ. ದೂರ ನಿಂತೇ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. 10 ಲೀಟರಿನ ಕ್ಯಾನನ್ನು ನೀರಿನಲ್ಲಿ ಒತ್ತಿದರೆ ಅದು ಅಷ್ಟೇ ನೀರನ್ನು ಸರಿಸುತ್ತದೆ. ಸುಮಾರು 10 ಕಿಲೋ ತೂಕದಷ್ಟು ಬಲ ಅದನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ತಬ್ಬಿ ಹಿಡಿದವರ ತಲೆ ನೀರಿನ ಮೇಲಿರಲು ಅಷ್ಟು ಸಾಕು.

ನಿಮ್ಮ ಹೊಲದ ಹೊಂಡಕ್ಕೆ ಬೇಲಿ ಇದೆಯೇ? ಗೂಟಕ್ಕೆ ಕಟ್ಟಿದ ಗಂಟುಗಂಟಾದ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟಿದ್ದಾರೆಯೇ? ಇಂದೇ ಮನೆಯಲ್ಲಿ ಕೇಳಿ.