‘ಬ್ಯಾಕ್ ಇನ್ ದ ಸ್ಯಾಡಲ್’: ಅರ್ಥ ಮತ್ತು ಬಳಕೆ

ವಾಣಿಜ್ಯ ವಾರ್ತೆಗಳ ಆಂಗ್ಲ ಶೀರ್ಷಿಕೆಗಳಲ್ಲಿ ‘ಬ್ಯಾಕ್ ಇನ್ ದ ಸ್ಯಾಡಲ್’ ಎಂಬ ನುಡಿಗಟ್ಟು ಆಗಾಗ ಕಂಡುಬರುತ್ತದೆ. ಸ್ಯಾಡಲ್ ಎಂದರೆ ಕುದುರೆಯ ಜೀನು. ಕೆಳಗಿಳಿದ ಸವಾರನು ಪುನಃ ಜೀನನ್ನೇರಿದನೆಂಬುದು ವಾಚ್ಯಾರ್ಥ. ಕಳೆದುಕೊಂಡಿದ್ದ ಅಧಿಕಾರವನ್ನೂ ಪ್ರಭಾವವನ್ನೂ ಮರಳಿ ಪಡೆದನೆಂಬುದು ಲಕ್ಷ್ಯಾರ್ಥ. ಕನ್ನಡದ ‘ಮತ್ತೆ ಗದ್ದುಗೆ ಏರಿದರು’, ‘ಚುಕ್ಕಾಣಿ ಮರಳಿ ಕೈಗೆ ಬಂದಿತು’ ಎಂಬ ಮಾತುಗಳು ಇದಕ್ಕೆ ಸಮೀಪವಾದವು. ಬಿಡುವಿನ ಅಥವಾ ಅನಾರೋಗ್ಯದ ನಂತರ ಕೆಲಸಕ್ಕೆ ಮರಳಿದವರ ಬಗ್ಗೆಯೂ ಇದನ್ನು ಬಳಸುವುದುಂಟು.

ಈ ನುಡಿಗಟ್ಟಿನ ಜೀವಾಳ ಲಗಾಮಿನಲ್ಲಿದೆ. ಸ್ಟೀವ್ ಜಾಬ್ಸ್ 1985ರಲ್ಲಿ ಆಪಲ್ ಕಂಪನಿಯನ್ನು ತೊರೆದರು. 1997ರ ಆರಂಭದಲ್ಲಿ ಅವರು ಮರಳಿದ್ದು ಸಲಹೆಗಾರರಾಗಿ ಮಾತ್ರ. ಆಗ ಅವರು ‘ಹಿಂದಿರುಗಿದರು’ ಎನ್ನಬಹುದೇ ಹೊರತು ‘ಬ್ಯಾಕ್ ಇನ್ ದ ಸ್ಯಾಡಲ್’ ಎನ್ನುವಂತಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಂಗಾಮಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾದಾಗ ಆ ಮಾತು ಸಾರ್ಥಕವಾಯಿತು.

‘ರೀಗೇನ್ ಲಾಸ್ಟ್ ಗ್ರೌಂಡ್’ ಎಂಬುದು ಇದರಿಂದ ಭಿನ್ನವಾದುದು. ಅದು ಕಳೆದುಕೊಂಡ ನೆಲೆಯನ್ನು ಹಂತ ಹಂತವಾಗಿ ಗಳಿಸುವುದನ್ನು ಸೂಚಿಸುತ್ತದೆ. 2015ರ ಜೂನ್‌ನಲ್ಲಿ ಮಾರುಕಟ್ಟೆಯಿಂದ ಹೊರಬಿದ್ದು ನವೆಂಬರ್‌ನಲ್ಲಿ ಮರಳಿದ ಮ್ಯಾಗಿ ನೂಡಲ್ಸ್‌ನಂತಹ ಸರಕಿಗೆ ಈ ಪ್ರಯೋಗವೇ ಸೂಕ್ತ. ಸರಕಿಗೆ ಮಾರುಕಟ್ಟೆ ಮರಳುತ್ತದೆ. ವ್ಯಕ್ತಿಗೆ ಅಧಿಕಾರ ಮರಳುತ್ತದೆ.

ಈ ಭೇದವನ್ನು ಉದ್ಯಮಿಗಳು ಕೇವಲ ಭಾಷೆಯ ವಿಷಯವೆಂದು ಭಾವಿಸಬಾರದು. 2016ರ ದಿವಾಳಿ ಸಂಹಿತೆಯನ್ವಯ ಕಂಪನಿಯ ವಿರುದ್ಧದ ಅರ್ಜಿ ಅಂಗೀಕೃತವಾಗಿ ಮಧ್ಯಂತರ ಪರಿಹಾರ ವೃತ್ತಿಪರರು ನೇಮಕಗೊಂಡೊಡನೆ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತುಗೊಂಡು, ನಿರ್ವಹಣೆ ಅವರಿಗೆ ಸೇರುತ್ತದೆ. ಸಾಲದಾತರ ಸಮಿತಿಯ ಶೇ. 90ರಷ್ಟು ಮತಗಳ ಒಪ್ಪಿಗೆಯಿಂದ ಅರ್ಜಿಯನ್ನು ಹಿಂಪಡೆಯಲು 2018ರಲ್ಲಿ ಸೇರಿಸಲಾದ 12ಎ ಕಲಂ ಅವಕಾಶ ಕಲ್ಪಿಸಿತು. ಹಾಗೆ ಹಿಂಪಡೆದಲ್ಲಿ ಹಳೆಯ ಮಂಡಳಿ ನಿಜಾರ್ಥದಲ್ಲಿ ಜೀನನ್ನೇರುತ್ತದೆ. ಅನ್ಯರ ಪರಿಹಾರ ಯೋಜನೆ ಮಂಜೂರಾದರೆ ಕಂಪನಿಯು ಉಳಿದುಕೊಂಡೀತು, ಲಗಾಮು ಮಾತ್ರ ಬೇರೆಯವರ ಕೈ ಸೇರುತ್ತದೆ. ‘ಕಂಪನಿ ಉಳಿಯಿತು’ ಎಂಬುದನ್ನು ‘ನಾವು ಮರಳಿದೆವು’ ಎಂದು ಓದಿಕೊಂಡ ಪ್ರವರ್ತಕರು ಮೋಸಹೋಗುತ್ತಾರೆ.

ಕೊನೆಯದಾಗಿ, ಇದು ಆಡುಮಾತಿನ ಪ್ರಯೋಗ. ಪತ್ರಿಕಾ ಲೇಖನಕ್ಕೂ ಭಾಷಣಕ್ಕೂ ಒಪ್ಪುತ್ತದೆ. ನಿರ್ದೇಶಕರ ವರದಿ, ಸಭಾ ನಿರ್ಣಯ ಹಾಗೂ ಬ್ಯಾಂಕಿನ ಪತ್ರಗಳಲ್ಲಿ ಯಾರು, ಯಾವ ಹುದ್ದೆಗೆ, ಯಾವ ದಿನಾಂಕದಿಂದ ಪುನರ್ನೇಮಕಗೊಂಡರೆಂದು ನೇರವಾಗಿ ಬರೆಯುವುದೇ ಕ್ಷೇಮ.