ತವರಿಗೆ ಬಂದವಳ ಕೇಸು ತವರಿನಲ್ಲೇ

"ಮದುವಿ ಆಗಿದ್ದು ಮಿರಜದಾಗ, ಹೊಡದದ್ದೂ ಅಲ್ಲೇ. ಇಲ್ಲಿ ಕೇಸ್ ಹೆಂಗ ಆಗ್ತೈತ್ರಿ?" ಕಾಗವಾಡ, ಅಥಣಿ, ನಿಪ್ಪಾಣಿ ಕಡೆ ಗಂಡನ ಮನೆ ಬಿಟ್ಟು ಮಗಳು ಬಂದು ಕೂತ ಮನೆಗಳಲ್ಲಿ ಹಿರಿಯರು ಆಡುವ ಮಾತಿದು. ಠಾಣೆಯ ಬಾಗಿಲಲ್ಲೂ ಕೆಲವೊಮ್ಮೆ ಇದೇ ಮಾತು ಎದುರಾಗುತ್ತದೆ. ಕೇಳಲಿಕ್ಕೆ ಸರಿಯಾಗಿಯೇ ಇದೆ, ಆದರೆ ಕಾನೂನು ಹಾಗೆ ಹೇಳುವುದಿಲ್ಲ.

ಚಿಕ್ಕೋಡಿ ಉಪವಿಭಾಗದ ಈ ಸೀಮೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಆಮೇಲೆ ಗಡಿ ಬಂತು, ಬೀಗತನ ಮಾತ್ರ ನಿಲ್ಲಲಿಲ್ಲ. ಗಡಿಯಾಚೆ ಮಹಾರಾಷ್ಟ್ರದ ಸಾಂಗಲಿ, ಮಿರಜ, ಜತ್ತ, ಇಚಲಕರಂಜಿ, ಕಾಗಲ, ಕೊಲ್ಹಾಪುರಕ್ಕೆ ಹೆಣ್ಣು ಕೊಡುವುದು, ಅಲ್ಲಿಂದ ತರುವುದು ಇವತ್ತಿಗೂ ನಡೆದಿದೆ. ಹೀಗಾಗಿ ಇಲ್ಲಿನ ಹೆಣ್ಣುಮಕ್ಕಳಿಗೆ ಹಕ್ಕು ಏನು ಎಂಬುದರ ಜೊತೆಗೆ ಆ ಹಕ್ಕನ್ನು ಯಾವ ಕಚೇರಿಯಲ್ಲಿ ಕೇಳಬೇಕು ಎಂಬುದೂ ಗೊತ್ತಿರಬೇಕು. ಎಷ್ಟೋ ಕೇಸು ಬಿದ್ದುಹೋಗುವುದು ಈ ಎರಡನೆಯದು ತಿಳಿಯದೆ.

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ, ನೊಂದ ಮಹಿಳೆ ಕಾಯಂ ಆಗಿ ಅಥವಾ ತಾತ್ಕಾಲಿಕವಾಗಿ ಎಲ್ಲಿ ವಾಸಿಸುತ್ತಾಳೋ ಅಲ್ಲಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ತವರಿಗೆ ಬಂದು ನಾಲ್ಕು ದಿನವಾಗಿದ್ದರೂ ತವರೂರಿನ ನ್ಯಾಯಾಲಯಕ್ಕೆ ಅಧಿಕಾರ ಬಂದಂತೆಯೇ. ಅಲ್ಲಿ ಸಿಗುವ ಆದೇಶ ದೇಶದ ಎಲ್ಲೆಡೆ ಜಾರಿಗೆ ಬರುತ್ತದೆ; ಅಥಣಿಯಲ್ಲಿ ಆದ ರಕ್ಷಣಾ ಆದೇಶಕ್ಕೆ ಸಾಂಗಲಿಯಲ್ಲೂ ಅದೇ ಬೆಲೆ. ವರದಕ್ಷಿಣೆ ಕಿರುಕುಳ, ಕ್ರೌರ್ಯದ ಕ್ರಿಮಿನಲ್ ದೂರಿನ ಬಗ್ಗೆ (ಹಿಂದಿನ 498ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು) ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕ್ರೌರ್ಯಕ್ಕೆ ಹೆದರಿ ಮನೆ ಬಿಟ್ಟವಳು ಆಶ್ರಯ ಪಡೆದ ಊರಿನಲ್ಲೂ ದೂರು ಕೊಡಬಹುದು, ಏಕೆಂದರೆ ಮನಸ್ಸಿಗೆ ಆದ ಗಾಯ ಅವಳ ಜೊತೆಗೇ ಬಂದಿರುತ್ತದೆ ಎಂಬುದು ಅದರ ತಿರುಳು. ಜೀವನಾಂಶದ ಅರ್ಜಿಯೂ ಹೆಂಡತಿ ವಾಸಿಸುವ ಊರಿನಲ್ಲೇ ನಡೆಯುತ್ತದೆ.

ಮೊದಲು ಹೋಗಬೇಕಾದದ್ದು ಎಲ್ಲಿಗೆ? ಠಾಣೆಗೇ ಹೋಗಬೇಕೆಂದಿಲ್ಲ. ನಮ್ಮ ರಾಜ್ಯದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಎಲ್ಲರೂ ಸಿಡಿಪಿಒ ಎನ್ನುವವರು, ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳು. ನಿಪ್ಪಾಣಿ, ಕಾಗವಾಡ ಹೊಸ ತಾಲ್ಲೂಕುಗಳಾದ ಮೇಲೆ ಯಾವ ಊರು ಯಾವ ಕಚೇರಿಗೆ ಎಂಬ ಗೊಂದಲ ಜನರಲ್ಲಿ ಇದೆ. ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಸಾಕು. ಅವರ ಮೇಲಧಿಕಾರಿಯೇ ಸಿಡಿಪಿಒ. ಪೋಷಣ್ ಲೆಕ್ಕ, ಭಾಗ್ಯಲಕ್ಷ್ಮಿ, ಗೃಹಲಕ್ಷ್ಮಿ ಕೆಲಸದ ನಡುವೆ ಈ ಅಧಿಕಾರ ಆ ಮೇಜಿನ ಮೇಲೆ ಇದೆ ಎಂಬುದನ್ನು ಕಚೇರಿಯೂ ಮರೆಯುತ್ತದೆ, ಜನರಿಗೂ ಗೊತ್ತಿರುವುದಿಲ್ಲ. ತಾಲ್ಲೂಕು ಮಟ್ಟದಲ್ಲೂ ಸಂರಕ್ಷಣಾಧಿಕಾರಿಗಳು ಇರಲೇಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಮತ್ತೆ ನಿರ್ದೇಶನ ಕೊಡಬೇಕಾಗಿ ಬಂದದ್ದು ಇದೇ ಮರೆವಿನಿಂದ.

ಸಿಡಿಪಿಒ ಮುಂದೆ ಬಾಯಿಮಾತಿನಲ್ಲಿ ಹೇಳಿದರೂ ಅವರು ಬರೆದುಕೊಳ್ಳಬೇಕು. ಬರೆಯುವ ನಮೂನೆಗೆ ಕೌಟುಂಬಿಕ ಘಟನಾ ವರದಿ ಎಂದು ಹೆಸರು. ಅದರಲ್ಲಿ ಹೊಡೆತ ಬಡಿತದ ಜೊತೆಗೆ ಬೈಗುಳ, ಹಣ ಕೊಡದೆ ಸತಾಯಿಸಿದ್ದು, ಕೆಲಸಕ್ಕೆ ಹೋಗಗೊಡದಿದ್ದದ್ದು, ಒಡವೆ ಒತ್ತೆ ಇಟ್ಟದ್ದು ಎಲ್ಲಕ್ಕೂ ಜಾಗವಿದೆ. ಸ್ತ್ರೀಧನದ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಬೇಕು. "ಬಂಗಾರ ಇತ್ತು" ಎಂದರೆ ನಡೆಯುವುದಿಲ್ಲ. ಬೋರಮಾಳ ಎಷ್ಟು ತೊಲೆ, ಪಾಟಲಿ ಎಷ್ಟು, ಯಾರು ಹಾಕಿದ್ದು, ಈಗ ಯಾರ ಕೈಲಿದೆ ಎಂದು ಒಂದೊಂದಾಗಿ ಬರೆಯಿರಿ. ಮದುವೆ ಫೋಟೊ, ಸರಾಫರ ಅಂಗಡಿ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಗಂಡನ ಮನೆಯ ವಿಳಾಸದಲ್ಲಿ ಗಲ್ಲಿ, ಹತ್ತಿರದ ಗುಡಿ ಅಥವಾ ಶಾಲೆ, ಫೋನ್ ನಂಬರು ಬಿಡಬೇಡಿ. ನೋಟಿಸು ಗಡಿ ದಾಟಿ ಹೋಗಬೇಕು, "ವಿಳಾಸ ಸಿಗಲಿಲ್ಲ" ಎಂದು ವಾಪಸಾದರೆ ತಿಂಗಳುಗಟ್ಟಲೆ ಹಾಳು. ಮರಾಠಿ ಕಾಗದಪತ್ರ ಇದ್ದರೆ ಅನುವಾದ ಬೇಕಾದೀತು, ವಕೀಲರಿಗೆ ಮೊದಲೇ ತೋರಿಸಿಬಿಡಿ.

ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದಲ್ಲಿ ಇತ್ಯರ್ಥ ಎಂಬುದು ಕಾಯ್ದೆಯ ಆಶಯ. ಕೋರ್ಟಿನ ಕಟ್ಟೆ ಹತ್ತಿದ ಯಾರಿಗೂ ಇದನ್ನು ನಂಬಲು ಕಷ್ಟ. ಅದಕ್ಕೇ 23ನೇ ಕಲಮಿನ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು. ತುರ್ತಿದ್ದರೆ ಗಂಡನ ಕಡೆಯವರು ಬರುವ ಮೊದಲೇ ಆದೇಶ ಆಗಬಹುದು. ವಾಪಸು ಆ ಮನೆಯಲ್ಲೇ ಇರಬೇಕೆಂದು ಬಯಸುವವಳಿಗೂ ಹಕ್ಕಿದೆ. ಮನೆ ಮಾವನ ಹೆಸರಿನಲ್ಲಿದೆ ಎನ್ನುವ ಕಾರಣವೊಂದೇ ಅವಳನ್ನು ಹೊರಗಿಡಲು ಸಾಲದೆಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಕಾರಣವಿಲ್ಲದೆ ಆದೇಶದಂತೆ ಕರ್ತವ್ಯ ಮಾಡದ ಸಂರಕ್ಷಣಾಧಿಕಾರಿಗೂ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಉಂಟು, ಸರ್ಕಾರದ ಪೂರ್ವಾನುಮತಿ ಮಾತ್ರ ಬೇಕು.

ಪೊಲೀಸರ ವಿಷಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಸಂಜ್ಞೇಯ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ಮಾಹಿತಿ ದಾಖಲಿಸಿಕೊಳ್ಳಬೇಕು. ಜನ ಇದನ್ನು ಝೀರೊ ಎಫ್‌ಐಆರ್ ಎನ್ನುತ್ತಾರೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದ ಪ್ರಾಥಮಿಕ ವಿಚಾರಣೆ ಮಾಡುವ ಅವಕಾಶ ಅವರಿಗಿದೆ. ಆದರೆ "ಹದಿನೈದು ದಿನ ಬಿಟ್ಟು ಬಾ, ಹಿರೇರನ್ನ ಕೂಡಿಸಿ ಮಾತಾಡೋಣ" ಎನ್ನುವ ಅವಕಾಶ ಯಾವ ಕಲಮಿನಲ್ಲೂ ಇಲ್ಲ. ರಾಜಿ ಬೇಕೋ ಬೇಡವೋ ಎಂದು ಹೇಳಬೇಕಾದವಳು ಅವಳು. ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಬೆಳಗಾವಿಯ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ವಕೀಲರ ಫೀ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣು ಎಂಬ ಒಂದೇ ಕಾರಣಕ್ಕೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಫೋನಿನಲ್ಲಾದರೆ 15100. ತಕ್ಷಣದ ಅಪಾಯಕ್ಕೆ 112, ಮಹಿಳಾ ಸಹಾಯವಾಣಿ 181. ರಾಜ್ಯ ಮಹಿಳಾ ಆಯೋಗಕ್ಕೆ ಬರೆಯುವವರು ಒಂದು ಮಾತು ತಿಳಿದಿರಬೇಕು: ಆಯೋಗ ಅಧಿಕಾರಿಗಳನ್ನು ಕರೆಸಿ ಕೇಳಬಹುದು, ಶಿಫಾರಸು ಮಾಡಬಹುದು, ಆದರೆ ಜೀವನಾಂಶದ ಆದೇಶ ಅದರ ಕೈಯಲ್ಲಿಲ್ಲ. ಕಚೇರಿಗಳು ಕದಲದಾಗ ಅದನ್ನು ಬಳಸಿ, ಕೋರ್ಟಿಗೆ ಬದಲಾಗಿ ಅಲ್ಲ.

ಮನೆಯ ಹೊರಗಿನ ಮಾತಿಗೆ ಬಂದರೆ ನಿಪ್ಪಾಣಿಯನ್ನು ಬಿಡುವಂತಿಲ್ಲ. ಇಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳು 1980ರ ಸುಮಾರಿಗೆ ಸಂಘ ಕಟ್ಟಿ ಮುಷ್ಕರ ಹೂಡಿದ್ದರು. ಅವರ ಕಥೆಯನ್ನೇ ದೀಪಾ ಧನರಾಜ್ ಅವರಿದ್ದ ಯುಗಾಂತರ ತಂಡ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿತು. ಕೆಲಸದ ಜಾಗದಲ್ಲಿ ಮೈಮೇಲೆ ಕೈಹಾಕಿದರೆ ದೂರು ಕೊಡಲು ಆಗ ಠಾಣೆ, ಸಂಘ ಬಿಟ್ಟರೆ ಬೇರೆ ವೇದಿಕೆ ಇರಲಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂದದ್ದು 1997ರಲ್ಲಿ, ಅದನ್ನು ತಡೆಯುವ ಕಾಯ್ದೆ ಆದದ್ದು 2013ರಲ್ಲಿ.

ಈ ಕಾಯ್ದೆಯನ್ನು ಬೆಂಗಳೂರಿನ ಐಟಿ ಕಂಪನಿಗಳದ್ದೆಂದು ತಿಳಿದವರೇ ಹೆಚ್ಚು. ಬೀಡಿ ಕಟ್ಟುವವಳಿಗೂ, ಕಬ್ಬು ಕಡಿಯುವವಳಿಗೂ, ಮನೆಗೆಲಸದವಳಿಗೂ ಅದು ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನರಿರುವ ಸಕ್ಕರೆ ಕಾರ್ಖಾನೆ, ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಅದಕ್ಕಾಗಿ ಬೆಳಗಾವಿ ಬಸ್ಸು ಹತ್ತಬೇಕಾಗಿಲ್ಲ. ಪ್ರತಿ ತಾಲ್ಲೂಕಿಗೂ, ಪಟ್ಟಣದಲ್ಲಿ ವಾರ್ಡಿಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು, ಅವರು ದೂರನ್ನು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು ಎಂದು 6ನೇ ಕಲಮು ಹೇಳುತ್ತದೆ. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಿ. ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಬಿಡಬಹುದು. ನಿಮ್ಮ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು, ಯಾವ ದಿನಾಂಕದ ಆದೇಶ ಎಂದು 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಿ. ಹೆಸರೇ ಇಲ್ಲದ ಕಡೆ ಈ ಪ್ರಶ್ನೆಯಿಂದಲೇ ನೇಮಕ ಆದರೂ ಆದೀತು.

ಹೊಲದ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಇಲ್ಲಿ ಹೆಣ್ಣುಮಗಳು ಎಲ್ಲಿದ್ದಾಳೆ ಎಂಬುದಲ್ಲ, ಜಮೀನು ಎಲ್ಲಿದೆ ಎಂಬುದು ಮುಖ್ಯ. ಸಾಂಗಲಿಗೆ ಕೊಟ್ಟ ಮಗಳು ರಾಯಬಾಗದ ಹೊಲದಲ್ಲಿ ಪಾಲು ಕೇಳುವುದಾದರೆ ದಾವೆ ಈ ಕಡೆಯೇ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾದ 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ತೀರ್ಮಾನವಾಗಿದೆ. ಆದರೂ ಅಪ್ಪ ತೀರಿದ ಮೇಲೆ ಉತಾರದಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಏರುತ್ತದೆ. ಪಂಚಮಿಗೆ ಬಂದ ಅಕ್ಕನಿಗೆ ಸೀರೆ ಉಡಿಸಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದೂ ಉಂಟು. ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿಯಾಗದೆ ಊರ್ಜಿತವಲ್ಲ, ಓದದೆ ಸಹಿ ಮಾಡಬೇಡಿ. ವಾರಸಾ ಅರ್ಜಿ ಬಂದಾಗ ತಲಾಠಿ ಎಲ್ಲ ವಾರಸುದಾರರ ಹೆಸರು ಕೇಳಬೇಕು, ತಕರಾರು ಇದ್ದರೆ ತಹಶೀಲ್ದಾರರ ಮುಂದೆ ಲಿಖಿತವಾಗಿ ಕೊಡಿ. ಹೆಸರು ಬಿಟ್ಟು ಖಾತೆ ಬದಲಾಗಿಬಿಟ್ಟಿದ್ದರೆ, ಗೊತ್ತಾದ 60 ದಿನದೊಳಗೆ ಚಿಕ್ಕೋಡಿಯ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಅಲ್ಲಿ ಉತಾರದ ನಮೂದು ಸರಿಹೋಗಬಹುದು. ಪಾಲು ನಿಮ್ಮದೆಂದು ತೀರ್ಮಾನಿಸಬೇಕಾದದ್ದು ಸಿವಿಲ್ ಕೋರ್ಟ್, ಅಲ್ಲಿಗೂ ಕಾನೂನು ಸೇವಾ ಸಮಿತಿಯ ಉಚಿತ ವಕೀಲರೇ ಬರುತ್ತಾರೆ.