ಗೊಂಬೆ ಮನೆಗೆ ದೀಪ ಹಾಕುವವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ವಿಕ್ಟೋರಿಯನ್ ಶೈಲಿಯ ಗೊಂಬೆ ಮನೆಯ ಕಿಟ್ ತಂದು ಕಟ್ಟಲು ಕೂತವರು, ಅದರ ಕೋಣೆಕೋಣೆಗೂ ದೀಪ ಉರಿಯಬೇಕೆಂಬ ಆಸೆ ಇರುವವರು, ಅಂಟಿನ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಇದನ್ನು ಪೂರ್ತಿ ಓದಿ. ಇಲ್ಲಿ ಹೇಳಿರುವುದು 1:12 ಅಳತೆಯ ಮನೆಗೆ. ನಿಜವಾದ ಮನೆಯ ಒಂದು ಅಡಿ ಇಲ್ಲಿ ಒಂದು ಇಂಚು. ಇದು ಮಕ್ಕಳು ಎಳೆದಾಡುವ ಆಟಿಕೆಯಲ್ಲ, ದೊಡ್ಡವರು ತಿಂಗಳುಗಟ್ಟಲೆ ಕೂತು ಮಾಡುವ ಕೆಲಸ.

ಮೊದಲು ತಂತಿ, ಆಮೇಲೆ ಗೋಡೆ ಕಾಗದ

ಈ ಕ್ರಮವನ್ನು ಯಾವ ಕಾರಣಕ್ಕೂ ಬದಲಾಯಿಸಬೇಡಿ. ಗೋಡೆ, ನೆಲ, ಚಾವಣಿಗಳನ್ನು ಅಂಟಿಲ್ಲದೆ, ಬರೀ ಮಾಸ್ಕಿಂಗ್ ಟೇಪಿನಲ್ಲಿ ಹಿಡಿಸಿ ಒಮ್ಮೆ ಮನೆ ನಿಲ್ಲಿಸಿ. ಪ್ರತಿ ಕೋಣೆಯಲ್ಲೂ ದೀಪ ಎಲ್ಲಿ ಬರಬೇಕೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಗೋಡೆ ದೀಪವಾದರೆ ನೆಲದಿಂದ ಐದೂವರೆ, ಆರು ಇಂಚು ಎತ್ತರ ಸರಿ. ತೂಗುದೀಪವಾದರೆ ಚಾವಣಿಯ ನಟ್ಟನಡುವೆ. ಮನೆಯನ್ನು ಮತ್ತೆ ಬಿಚ್ಚಿ ತೂತು ಕೊರೆಯಿರಿ, ತಂತಿ ಎಳೆಯಿರಿ, ಎಲ್ಲ ದೀಪವನ್ನೂ ಒಂದು ಗಂಟೆ ಉರಿಸಿ ನೋಡಿ. ಕಾಗದ ಅಂಟಿಸುವುದು ಆ ಒಂದು ಗಂಟೆ ಕಳೆದ ಮೇಲೆ.

ನನ್ನ ಮೊದಲ ಮನೆಯಲ್ಲಿ ಊಟದ ಕೋಣೆಯ ಗೋಡೆ ದೀಪಗಳು ನಾಲ್ಕು ತಿಂಗಳು ಉರಿದು ಆರಿಹೋದವು. ಬಲ್ಬು ಕೆಟ್ಟಿರಲಿಲ್ಲ. ತಂತಿಯ ಬದಲು ಕರೆಂಟು ಒಯ್ಯಲು ಗೋಡೆಗೆ ಅಂಟಿಸುವ ತಾಮ್ರದ ಟೇಪು ಬಳಸಿದ್ದೆ. ಮೂಲೆಯಲ್ಲಿ ಒಂದು ಟೇಪಿನ ಮೇಲೆ ಇನ್ನೊಂದು ಟೇಪು ಅಂಟಿಸಿ, ಗೋಂದೇ ಹಿಡಿದುಕೊಳ್ಳುತ್ತದೆ ಎಂದು ಬಿಟ್ಟಿದ್ದೆ. ಆ ಬೆಸೆತ ಕಾಗದದ ಹಿಂದೆ ಸಡಿಲವಾಗಿತ್ತು. ಮೂರು ಸಂಜೆ ಕೂತು ಹೂವಿಗೆ ಹೂವು, ಬಳ್ಳಿಗೆ ಬಳ್ಳಿ ಹೊಂದಿಸಿ ಅಂಟಿಸಿದ್ದ ಕಾಗದವನ್ನು ಬ್ಲೇಡಿನಿಂದ ಸೀಳಬೇಕಾಯಿತು. ಎಷ್ಟು ಜಾಗ್ರತೆಯಿಂದ ಮತ್ತೆ ಕೂಡಿಸಿದರೂ, ಪಕ್ಕದಿಂದ ದೀಪದ ಬೆಳಕು ಬಿದ್ದಾಗ ಆ ಸೀಳು ಕೂದಲೆಳೆಯ ನೆರಳಿನಂತೆ ಇವತ್ತಿಗೂ ಕಾಣುತ್ತದೆ. ಅದಕ್ಕೇ ಹೇಳುತ್ತಿದ್ದೇನೆ: ತಲುಪಲು ದಾರಿ ಇಲ್ಲದ ಕಡೆ ಬೆಸೆತ ಇಡಕೂಡದು. ಬೆಸೆತಗಳೆಲ್ಲ ಹಿಂಬದಿಯಲ್ಲಿರಲಿ, ಇಲ್ಲವೇ ಎತ್ತಿ ತೆಗೆಯಬಹುದಾದ ನೆಲಹಾಸಿನ ಕೆಳಗಿರಲಿ, ಇಲ್ಲವೇ ಮನೆ ಕೂರುವ ಪೀಠದ ಒಳಗಿರಲಿ.

ತಾಮ್ರದ ಟೇಪು ಬಳಸುವವರು ಟೇಪಿಗೆ ಟೇಪು ಕೂಡುವ ಪ್ರತಿ ಕಡೆಯೂ ಎರಡನ್ನೂ ಚುಚ್ಚಿ ಹೋಗುವ ಸಣ್ಣ ಹಿತ್ತಾಳೆ ಮೊಳೆ ಹೊಡೆಯಿರಿ, ಅಥವಾ ಬೆಸುಗೆ ಹಾಕಿ. ಟೇಪಿನಲ್ಲಿ ಎರಡು ಪಟ್ಟಿಗಳಿರುತ್ತವೆ. ಒಂದು ಪಟ್ಟಿಯ ಮೊಳೆ ಇನ್ನೊಂದನ್ನು ತಾಗಿದರೆ ಅಲ್ಲಿಗೆ ಶಾರ್ಟ್. ಪ್ರತಿ ಮೊಳೆ ಹೊಡೆದ ಕೂಡಲೇ ಮಲ್ಟಿಮೀಟರ್ ಹಿಡಿದು ನೋಡಿ. ಹತ್ತು ಮೊಳೆ ಹೊಡೆದು ಆಮೇಲೆ ನೋಡಿದರೆ ತಪ್ಪು ಹತ್ತರಲ್ಲಿ ಯಾವುದು ಎಂದು ಹುಡುಕುತ್ತ ಕೂರುತ್ತೀರಿ. ಕಿಟ್ಟಿನ ಗೋಡೆ ಮೂರು ಮಿಲಿಮೀಟರಿನ ತೆಳು ಪ್ಲೈವುಡ್ ಆಗಿದ್ದರೆ ಟೇಪಿನ ಆಸೆ ಬಿಡಿ. ಮೊಳೆ ಆಚೆ ಕೋಣೆಗೆ ಇಣುಕುತ್ತದೆ. ಅಂಥ ಮನೆಗೆ ಸಣ್ಣ ವೈರನ್ನು ಗೋಡೆಯ ತೂತಿನಿಂದ ಹಿಂದಕ್ಕೆ ದಾಟಿಸುವುದೇ ಸರಿ. ಎಂಡಿಎಫ್‌ನ ದಪ್ಪ ಗೋಡೆಯಾದರೆ ಟೇಪು ಚೆನ್ನಾಗಿ ಕೂರುತ್ತದೆ.

230 ವೋಲ್ಟ್ ಈ ಮನೆಯೊಳಗೆ ಕಾಲಿಡಕೂಡದು

ಗೊಂಬೆ ಮನೆಯ ದೀಪಗಳು ಸಾಮಾನ್ಯವಾಗಿ 12 ವೋಲ್ಟಿನವು. ಅಡಾಪ್ಟರ್ ಗೋಡೆಯ ಸಾಕೆಟ್ಟಿನಲ್ಲಿರಲಿ, ಮನೆಯೊಳಗೆ ಬರುವುದು ಅದರ ಸಣ್ಣ ತಂತಿ ಮಾತ್ರ. ಅಡಾಪ್ಟರನ್ನು ಅಟ್ಟದಲ್ಲಿ, ಪೀಠದಲ್ಲಿ ಮುಚ್ಚಿಡಬೇಡಿ, ಅದಕ್ಕೆ ಗಾಳಿ ಬೇಕು.

ದಸರಾ ಗೊಂಬೆ ಕೂರಿಸುವಾಗ ಮೆಟ್ಟಿಲುಗಳಿಗೆ ಸೀರಿಯಲ್ ಸೆಟ್ ಸುತ್ತುವ ರೂಢಿ ನಮ್ಮ ಮನೆಗಳಲ್ಲಿದೆ. ಹಬ್ಬ ಮುಗಿದ ಮೇಲೆ ಅದೇ ಸೆಟ್ಟಿನ ಒಂದು ತುಂಡು ಕತ್ತರಿಸಿ ಗೊಂಬೆ ಮನೆಗೆ ಹಾಕೋಣ ಎಂಬ ಯೋಚನೆ ಬರುವುದು ಸಹಜ. ದಯವಿಟ್ಟು ಬೇಡ. ನೇರವಾಗಿ ಸಾಕೆಟ್ಟಿಗೆ ಹಾಕುವ ಸೆಟ್ಟುಗಳಲ್ಲಿ ಎಲ್ಲ ಬಲ್ಬುಗಳೂ ಒಂದರ ಹಿಂದೊಂದು ನಿಂತು 230 ವೋಲ್ಟನ್ನು ಹಂಚಿಕೊಳ್ಳುತ್ತವೆ. ಅರ್ಧ ಕತ್ತರಿಸಿದರೆ ಉಳಿದರ್ಧದ ಮೇಲೆ ಪೂರ್ತಿ ಹೊರೆ ಬಿದ್ದು ಸುಟ್ಟುಹೋಗುತ್ತವೆ. ಬಲ್ಬು ಎಷ್ಟೇ ಚಿಕ್ಕದಿರಲಿ, ಆ ತಂತಿಯ ಬರಿಮೈ ಮುಟ್ಟಿದವರಿಗೆ ಹೊಡೆಯುವುದು ಮನೆಯ ಕರೆಂಟೇ. ಕಾಗದ, ಬಟ್ಟೆ, ಒಣ ಮರ ತುಂಬಿದ ಪುಟ್ಟ ಪೆಟ್ಟಿಗೆಯೊಳಗೆ ಅದಕ್ಕೆ ಜಾಗವಿಲ್ಲ.

ಅಮೆರಿಕದಲ್ಲಿರುವ ಮಕ್ಕಳೋ ನೆಂಟರೋ ಕಿಟ್ ತಂದುಕೊಟ್ಟಿದ್ದರೆ ಅದರ ಟ್ರಾನ್ಸ್‌ಫಾರ್ಮರಿನ ಮೇಲಿನ ಬರಹ ಓದದೆ ಸಾಕೆಟ್ಟಿಗೆ ಹಾಕಬೇಡಿ. ಅಲ್ಲಿನದು 120 ವೋಲ್ಟಿಗೆ ಮಾಡಿದ್ದು, ಇಲ್ಲಿ ಹಾಕಿದರೆ ಸುಡುತ್ತದೆ. ಬಲ್ಬು, ತಂತಿ, ದೀಪಗಳನ್ನು ಉಳಿಸಿಕೊಂಡು 12 ವೋಲ್ಟ್ ಕೊಡುವ ಇಲ್ಲಿನ ಅಡಾಪ್ಟರ್ ಕೊಳ್ಳಿ.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯದು, ನಿಜ. ಶಾರ್ಟ್ ಆದರೆ ಮಾತ್ರ ತಂತಿ ಕಾದು ಕಾಗದ ಕರಕಲಾಗಬಹುದು. ಒಂದು ಆಂಪಿಯರ್ ಅಡಾಪ್ಟರಿಗೆ ಒಂದು ಆಂಪಿಯರ್ ಫ್ಯೂಸ್ ಹಾಕಲೇಬೇಕು. ಕೋಣೆಯಿಂದ ಎದ್ದು ಹೋಗುವಾಗ ಸ್ವಿಚ್ ಆರಿಸಲೇಬೇಕು.

ಲೆಕ್ಕ ಹಾಕುವಾಗ ದೀಪ ಎಣಿಸಬೇಡಿ, ಬಲ್ಬು ಎಣಿಸಿ. ಗೋಧಿ ಕಾಳಿನಷ್ಟಿರುವ ಒಂದು ಬಲ್ಬು ಸುಮಾರು 50 ಮಿಲಿ ಆಂಪಿಯರ್ ಎಳೆಯುತ್ತದೆ. 10 ವಾಟಿನ ಟ್ರಾನ್ಸ್‌ಫಾರ್ಮರ್ ಅಂಥ 16 ಬಲ್ಬಿಗೆ ಸಾಕು. ಡ್ರಾಯಿಂಗ್ ರೂಮಿನ ಆರು ಕೈಗಳ ಗೊಂಚಲು ದೀಪ ಒಂದೇ ದೀಪದಂತೆ ಕಂಡರೂ ಲೆಕ್ಕದಲ್ಲಿ ಆರು. ಹದಿನಾರು ಹಿಡಿಯುವ ಕಡೆ ಹದಿಮೂರಕ್ಕೇ ನಿಲ್ಲಿಸಿ.

ಗೋಧಿ ಬಲ್ಬು ಚೆನ್ನಾಗಿಯೇ ಬಿಸಿಯಾಗುತ್ತದೆ. ಕಾಗದದ ಲ್ಯಾಂಪ್‌ಶೇಡಿಗೆ, ಪರದೆಯ ಅಂಚಿಗೆ ತಾಗಿಸಬೇಡಿ. 12 ವೋಲ್ಟಿನ ಬಲ್ಬನ್ನು 9 ವೋಲ್ಟಿನಲ್ಲಿ ಉರಿಸಿ ನೋಡಿ. ಬಿಸಿ ಕಡಿಮೆ, ಬಾಳಿಕೆ ಬಹಳ ಹೆಚ್ಚು, ಬಣ್ಣ ಜೇನಿನ ಹಾಗೆ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ.

ಎಲ್ಇಡಿ ಹಾಕುವವರು ಡಿಸಿ ಅಡಾಪ್ಟರನ್ನೇ ಬಳಸಬೇಕು. ಹಳೆಯ ಎಸಿ ಟ್ರಾನ್ಸ್‌ಫಾರ್ಮರಿನ 12 ವೋಲ್ಟ್ ಎಂದರೆ ಅಲೆಯ ತುದಿಯಲ್ಲಿ ಸುಮಾರು 17 ವೋಲ್ಟ್. ಅದು ಉಲ್ಟಾ ದಿಕ್ಕಿನಲ್ಲೂ ಬಂದು ಬಡಿಯುವುದನ್ನು ಎಲ್ಇಡಿ ತಾಳುವುದಿಲ್ಲ. ರೆಸಿಸ್ಟರ್ ಇಲ್ಲದೆ ಬಿಳಿ ಎಲ್ಇಡಿಯನ್ನು 12 ವೋಲ್ಟಿಗೆ ಕೊಡಕೂಡದು. 470 ಓಮ್ ಹಾಕಿದರೆ ಪೂರ್ತಿ ಬೆಳಕು, 1,000 ಓಮ್ ಹಾಕಿದರೆ ಅರ್ಧದಷ್ಟು ಕರೆಂಟು. ಈ ಮನೆಗೆ ಅರ್ಧವೇ ಸಾಕು. ಉದ್ದ ಕಾಲು ಪ್ಲಸ್. ಕತ್ತರಿಸುವ ಮುಂಚೆ ಕೆಂಪು ದಾರ ಕಟ್ಟಿ ಗುರುತಿಡಿ. ದೀಪದ ಜೊತೆ ಬರುವ ಕೂದಲಿನಂಥ ತಾಮ್ರದ ತಂತಿಯ ಮೇಲೆ ಬಣ್ಣದ ಲೇಪವಿರುತ್ತದೆ. ಅದನ್ನು ಕೆರೆದು ತೆಗೆಯದೆ ಬೆಸುಗೆ ಹಾಕಿದರೆ ಮೇಲೆ ಹಿಡಿದಂತೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ.

ಮನೆಗೊಂದು ಇಸವಿ ಕೊಡಿ

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರ ವರೆಗೆ. ಆ ಅರವತ್ತನಾಲ್ಕು ವರ್ಷಗಳಲ್ಲಿ ಇಂಗ್ಲೆಂಡಿನ ಮನೆಗಳ ಬೆಳಕು ಮೇಣದ ಬತ್ತಿಯಿಂದ ಸೀಮೆಎಣ್ಣೆಗೆ, ಗ್ಯಾಸಿಗೆ, ಕೊನೆಗೆ ವಿದ್ಯುತ್ತಿಗೆ ಬಂದಿತು. "ವಿಕ್ಟೋರಿಯನ್" ಎಂದಷ್ಟೇ ಹೇಳಿ ಎಲ್ಲವನ್ನೂ ಒಂದೇ ಮನೆಗೆ ತುಂಬಬೇಡಿ. ನಿಮ್ಮ ಮನೆ ಯಾವ ಇಸವಿಯದು ಎಂದು ಮೊದಲೇ ತೀರ್ಮಾನಿಸಿ, ಚೀಟಿಯಲ್ಲಿ ಬರೆದು ಕೆಲಸದ ಮೇಜಿನ ಮುಂದೆ ಅಂಟಿಸಿ.

1860ರ ಮನೆಗೆ ವಿದ್ಯುತ್ ದೀಪದ ಆಕಾರ ಸಲ್ಲದು. ನಾರ್ತಂಬರ್ಲೆಂಡಿನ ಕ್ರಾಗ್‌ಸೈಡ್ ಬಂಗಲೆಯಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ ನೀರಿನ ಬಲದಿಂದ ವಿದ್ಯುತ್ ತಯಾರಿಸಿ ಜೋಸೆಫ್ ಸ್ವಾನ್‌ನ ಬಲ್ಬುಗಳನ್ನು ಉರಿಸಿದ್ದು 1880ರಲ್ಲಿ, ಅದೂ ದೊಡ್ಡ ಶ್ರೀಮಂತನೊಬ್ಬನ ಮನೆ. ಅದಕ್ಕೂ ಮುಂಚಿನ ಗ್ಯಾಸ್ ದೀಪದಲ್ಲಿ ಜ್ವಾಲೆ ಮೇಲಕ್ಕೆ ಏಳುತ್ತದೆ, ಆದ್ದರಿಂದ ಗಾಜಿನ ಬುರುಡೆಯ ಬಾಯಿಯೂ ಮೇಲಕ್ಕಿರಬೇಕು. ಬಾಯಿ ಕೆಳಗಾಗಿ ತೂಗುವ ಬುರುಡೆ ಅಂದಿನ ವಿದ್ಯುತ್ ದೀಪದ ಹೆಮ್ಮೆ. 1870ರ ಕೋಣೆಯಲ್ಲಿ ಕೆಳಮುಖದ ದೀಪ ನೇತುಹಾಕಿದರೆ ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಬಿಳಿಯಾಗಿ ಉರಿಯುವ ಗ್ಯಾಸ್ ಮ್ಯಾಂಟಲ್ಲಿಗೆ ಆಸ್ಟ್ರಿಯಾದ ಕಾರ್ಲ್ ಆವರ್ ಪೇಟೆಂಟ್ ಪಡೆದದ್ದು 1885ರಲ್ಲಿ. ನಮ್ಮ ಜಾತ್ರೆಗಳಲ್ಲಿ, ಬಯಲಾಟಗಳಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸಿನ ಮ್ಯಾಂಟಲ್ಲೂ ಅದೇ ವಂಶದ್ದು. 1885ಕ್ಕೂ ಹಿಂದಿನ ಮನೆಗೆ ಹಳದಿ ಬೆಳಕೇ ಸರಿ.

ಎಲ್ಇಡಿ ಕೊಳ್ಳುವಾಗ 2700 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯದನ್ನೇ ಕೇಳಿ. ತಣ್ಣನೆಯ ಬಿಳಿ ಬೇಡವೇ ಬೇಡ. ಕೋಣೆಯ ನಾಲ್ಕು ಮೂಲೆಯೂ ಬೆಳಗುವಂತೆ ಚಾವಣಿಗೆ ಪಟ್ಟಿ ದೀಪ ಅಂಟಿಸಬೇಡಿ. ಮೆಟ್ಟಿಲಿನ ತಿರುವು ಕತ್ತಲಾಗಿರಲಿ, ಮಂಚದ ಕೆಳಗೆ ನೆರಳಿರಲಿ. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ನಾರ್ಸಿಸಾ ಥಾರ್ನ್ ಮಾಡಿಸಿದ 68 ಕಿರುಕೋಣೆಗಳಿವೆ, ಹೆಚ್ಚಿನವು ಇದೇ 1:12 ಅಳತೆಯವು. ಅವುಗಳಲ್ಲಿ ಬೆಳಕು ಕಿಟಕಿಯ ಆಚೆಯಿಂದ, ಬಾಗಿಲಿನ ಮರೆಯಿಂದ ಹಗಲಿನಂತೆ ಒಳಗೆ ಬರುತ್ತದೆ. ಕಿಟಕಿಯ ಹೊರಗೆ ಒಂದು ಎಲ್ಇಡಿ ಅಡಗಿಸಿಟ್ಟು ನೋಡಿ, ಕೋಣೆಯ ಆಳವೇ ಬದಲಾಗುತ್ತದೆ.

ಅಗ್ಗಿಷ್ಟಿಕೆಯಲ್ಲಿ ಸೌದೆ ತುಂಬುವ ಮುಂಚೆಯೂ ಯೋಚಿಸಿ. ಲಂಡನ್ನಿನಂಥ ಊರಿನ ಮನೆಗಳಲ್ಲಿ ಉರಿಯುತ್ತಿದ್ದದ್ದು ಕಲ್ಲಿದ್ದಲು. ಇದ್ದಿಲಿನ ಚೂರುಗಳ ಕೆಳಗೆ ಕಿತ್ತಳೆ ಬಣ್ಣದ ಮಿಣುಕು ಎಲ್ಇಡಿ ಒಂದೋ ಎರಡೋ ಸಾಕು. ಮಿಣುಕುವುದು ಅಲ್ಲಿ ಮಾತ್ರ, ಉಳಿದ ದೀಪಗಳು ನಿಶ್ಚಲವಾಗಿರಲಿ.

ಗೋಡೆ ಕಾಗದಕ್ಕೂ ಇಸವಿ ಇದೆ. ಅಂದಿನ ವಿನ್ಯಾಸಕಾರ ವಿಲಿಯಂ ಮಾರಿಸ್‌ನ "ವಿಲೋ ಬೌ" 1887ರದು, ಅದನ್ನು 1865ರ ಮನೆಗೆ ಅಂಟಿಸುವಂತಿಲ್ಲ. ಎಲ್ಲರೂ ಮೆಚ್ಚುವ "ಸ್ಟ್ರಾಬೆರಿ ಥೀಫ್" 1883ರಲ್ಲಿ ಬಂದದ್ದು ಬಟ್ಟೆಯಾಗಿ. ಅದನ್ನು ಪರದೆಗೆ, ಕುರ್ಚಿಯ ಹೊದಿಕೆಗೆ ಬಳಸಿ. ವಿನ್ಯಾಸ ಎಷ್ಟೇ ಸೊಗಸಾಗಿರಲಿ, ಹನ್ನೆರಡನೇ ಒಂದು ಪಾಲಿಗೆ ಇಳಿಸಿ ಮುದ್ರಿಸಿದ್ದನ್ನೇ ತನ್ನಿ. ಉಡುಗೊರೆ ಸುತ್ತುವ ಕಾಗದದ ಹೂವು ಈ ಅಳತೆಯಲ್ಲಿ ಗೊಂಬೆಯ ತಲೆಗಿಂತ ದೊಡ್ಡದಾಗಿ ಕಾಣುತ್ತದೆ. ಗ್ಯಾಸ್ ದೀಪದ ಕೋಣೆಯಲ್ಲಿ ಹೂಗಿಡ ಇಡುವುದಾದರೆ ಆಸ್ಪಿಡಿಸ್ಟ್ರಾ ಇಡಿ. ಗ್ಯಾಸಿನ ಹೊಗೆಯನ್ನೂ ಮಂದ ಬೆಳಕನ್ನೂ ತಾಳಿಕೊಳ್ಳುತ್ತದೆಂದೇ ಅಂದಿನವರು ಅದನ್ನು ಮನೆಮನೆಯಲ್ಲಿ ಬೆಳೆಸುತ್ತಿದ್ದರು.

ಕೈ, ಮೂಗು, ಮನೆಯ ಮಕ್ಕಳು

ಕಿಟಕಿಯ ಪ್ಲಾಸ್ಟಿಕ್ ಗಾಜಿನ ಹತ್ತಿರ ಸೂಪರ್ ಗ್ಲೂ ಬಳಸಬೇಡಿ, ಅದರ ಆವಿಗೆ ಗಾಜು ಬೆಳ್ಳಗೆ ಮಂಜಾಗುತ್ತದೆ. ತೆಳು ಪ್ಲೈವುಡ್ಡಿನ ಒಂದೇ ಮೈಗೆ ಬಣ್ಣ ಬಳಿಯಬೇಡಿ. ಎರಡೂ ಕಡೆ ಬಳಿಯದಿದ್ದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎಂಡಿಎಫ್ ಉಜ್ಜುವಾಗ ಮಾಸ್ಕ್ ಹಾಕಿ. ಬೆಸುಗೆ ಹಾಕುವಾಗ ಕಿಟಕಿ ತೆರೆದಿಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ನಿಜವಾಗಿಯೂ ಹಳೆಯ ಕಾಲದ ಗೊಂಬೆ ಮನೆ ಕೈಗೆ ಸಿಕ್ಕಿದರೆ ಅದರ ಬಣ್ಣವನ್ನು ಉಜ್ಜಿ ತೆಗೆಯಕೂಡದು. ಆ ಬಣ್ಣದಲ್ಲಿ ಸೀಸವಿರಬಹುದು, ಹಸಿರು ಗೋಡೆ ಕಾಗದದಲ್ಲಿ ಆರ್ಸೆನಿಕ್ ಇರಬಹುದು.

ಬಟನ್ ಸೆಲ್ಲಿನಿಂದ ಉರಿಯುವ ದೀಪಗಳ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಚಿಕ್ಕ ಮಕ್ಕಳು ಓಡಾಡುವ ಮನೆಗೆ ಅವನ್ನು ತರಬೇಡಿ. ಮಗು ನುಂಗಿದ ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗಿನ ಮಾಂಸವನ್ನು ಸುಡಬಲ್ಲದು. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಈಗಾಗಲೇ ತಂದಿದ್ದರೆ ಸ್ಕ್ರೂ ಹಾಕಿ ಮುಚ್ಚುವ ಡಬ್ಬಿಯೊಳಗೆ ಸೆಲ್ಲು ಇರಲಿ. ಹಳೆಯದನ್ನು ಟೇಪು ಸುತ್ತಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ.

ಪೀಠ ಮುಚ್ಚುವ ದಿನ ಪ್ರತಿ ತಂತಿಯ ತುದಿಗೂ ಕೋಣೆಯ ಹೆಸರು ಬರೆದ ಚೀಟಿ ಕಟ್ಟಿ. ಅಡುಗೆಮನೆ, ಮೆಟ್ಟಿಲು, ಮಕ್ಕಳ ಕೋಣೆ ಎಂದು ಕನ್ನಡದಲ್ಲೇ ಬರೆಯಿರಿ. ತಂತಿಗಳ ನಕ್ಷೆಯೊಂದನ್ನು ಪೆನ್ಸಿಲಿನಲ್ಲಿ ಗೀಚಿ, ಬಲ್ಬು ಎಷ್ಟು ವೋಲ್ಟಿನದು, ಬೆಸೆತಗಳು ಎಲ್ಲೆಲ್ಲಿವೆ, ಫ್ಯೂಸ್ ಎಲ್ಲಿದೆ ಎಂದು ನಮೂದಿಸಿ ಪೀಠದ ಅಡಿಗೆ ಅಂಟಿಸಿ. ಮುಂದೊಂದು ದಿನ ದೀಪ ಆರಿದಾಗ ಮನೆಯನ್ನು ಬಿಚ್ಚುವವರು ನೀವೇ ಆಗಿರಬೇಕೆಂದೇನಿಲ್ಲ.